ಊರಿನ ಎತ್ತರ, ಮಗುವಿನ ಎತ್ತರ

2022ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಲೇಹ್ ಪಟ್ಟಣದ ಕೆಳಗಿರುವ ಚೊಗ್ಲಮ್ಸರ್‌ನ ಒಂದು ಅಂಗನವಾಡಿಯಲ್ಲಿ, ಮಕ್ಕಳ ಬಟ್ಟೆ ಬಿಚ್ಚಬಹುದಾದಷ್ಟು ಕೋಣೆ ಬೆಚ್ಚಗಾಗಲಿ ಎಂದು ನಾವು ಬುಖಾರಿ ಒಲೆಯ ಸುತ್ತ ಕಾದು ಕುಳಿತಿದ್ದೆವು. ಅಲ್ಲಿನ ಚಳಿಗೆ ಹೊದಿಸುವ ಉಣ್ಣೆಯ ಬಟ್ಟೆಗಳೊಂದಿಗೇ ತೂಗಿದರೆ ಸೊರಗಿದ ಮಗುವೂ ಕಾರ್ಡಿನ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಬಟ್ಟೆ ತೆಗೆದೇ ತೂಗಬೇಕು ಎಂಬುದು ನಾನು ಅಲ್ಲಿ ಕಲಿತ ಮೊದಲ ಪಾಠ. ಅಂದು ಮೊದಲು ಬಂದದ್ದು ಎರಡು ವರ್ಷ ತುಂಬಿದ ಒಂದು ಹೆಣ್ಣುಮಗು. ಅಳತೆಯ ಹಲಗೆಯ ಮೇಲೆ ಮಲಗಿಸಿ, ಮೊಣಕಾಲು ನೇರ ಮಾಡಿ ಅಳೆದಾಗ 78.5 ಸೆಂಟಿಮೀಟರ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಆ ವಯಸ್ಸಿನ ಹೆಣ್ಣುಮಗುವಿನ ನಡುವಣ ಉದ್ದ 86.4 ಸೆಂಟಿಮೀಟರ್, 80ಕ್ಕಿಂತ ಕಡಿಮೆಯಾದರೆ ಅದು ಕುಂಠಿತ ಬೆಳವಣಿಗೆ.

ಮಗುವನ್ನು ಕರೆತಂದಿದ್ದ ಅಜ್ಜಿಗೆ ನರ್ಸ್ ಇದನ್ನು ಲಡಾಖಿಯಲ್ಲಿ ವಿವರಿಸಿದಾಗ ಆಕೆ ಬೇಸರಪಟ್ಟುಕೊಳ್ಳಲಿಲ್ಲ. "ನಮ್ಮಲ್ಲಿ ಎಲ್ಲರೂ ಹೀಗೆಯೇ, ಡಾಕ್ಟರ್‌ಲೆ. ಬೆಟ್ಟ ಎತ್ತರ, ಮನುಷ್ಯರು ಗಿಡ್ಡ" ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ಊರಿಗೂ ಎತ್ತರ, ಮಗುವಿಗೂ ಎತ್ತರ, ಒಂದೇ ಪದ. ಒಂದು ಹೆಚ್ಚಿದಷ್ಟೂ ಇನ್ನೊಂದು ತಗ್ಗಲೇಬೇಕೇ ಎಂಬ ಪ್ರಶ್ನೆಗೆ, ಅರಸೀಕೆರೆ ಕಡೆಯಿಂದ ಹೋಗಿ ಅಲ್ಲಿ ಎರಡು ಚಳಿಗಾಲ ಮಕ್ಕಳ ವೈದ್ಯಳಾಗಿ ಕಳೆದ ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜಿಯ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇಕಡ 21ರಷ್ಟೇ ಇದ್ದರೂ ಗಾಳಿಯ ಒತ್ತಡವೇ ಕಡಲತೀರದ ಮೂರನೇ ಎರಡರಷ್ಟಕ್ಕೆ ಇಳಿದಿರುವುದರಿಂದ, ಪ್ರತಿ ಉಸಿರಿನಲ್ಲಿ ದೇಹಕ್ಕೆ ದಕ್ಕುವ ಆಮ್ಲಜನಕವೂ ಅಷ್ಟೇ ಕಡಿಮೆ. ಆರೋಗ್ಯವಾಗಿ ನಗುತ್ತಿರುವ ಶಿಶುವಿನ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದರೆ 90ರ ಆಸುಪಾಸಿನ ಅಂಕಿ ಕಾಣುತ್ತದೆ. ಬೆಂಗಳೂರಿನಲ್ಲಾದರೆ ಅದನ್ನು ಕಂಡು ನಾವು ಆಮ್ಲಜನಕದ ನಳಿಗೆ ಓಡುತ್ತೇವೆ. ಇದರ ಪರಿಣಾಮ ಗರ್ಭದಲ್ಲೇ ತೊಡಗುತ್ತದೆ. ಪ್ರತಿ 1,000 ಮೀಟರ್ ಏರಿದಂತೆ ಹುಟ್ಟುವ ಮಗುವಿನ ತೂಕ ಸರಾಸರಿ 100 ಗ್ರಾಂನಷ್ಟು ಇಳಿಯುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಟಿಬೆಟ್‌ನಲ್ಲೂ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲೂ ಸಾವಿರಾರು ವರ್ಷಗಳಿಂದ ನೆಲೆಸಿದ ಜನರಲ್ಲಿ ಈ ಇಳಿಕೆ, ಇತ್ತೀಚೆಗೆ ಬಂದು ನೆಲೆಸಿದವರಲ್ಲಿ ಇರುವುದಕ್ಕಿಂತ ಕಡಿಮೆ. ಗರ್ಭಕೋಶಕ್ಕೆ ಹೆಚ್ಚು ರಕ್ತ ಹರಿಸುವ ಹೊಂದಾಣಿಕೆಯನ್ನು ಅವರ ದೇಹ ತಲೆಮಾರುಗಳಲ್ಲಿ ಗಳಿಸಿಕೊಂಡಿದೆ.

ಹುಟ್ಟಿದ ನಂತರದ ಬೆಳವಣಿಗೆಯ ವಿಷಯದಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. 2001ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಟಿಬೆಟ್‌ನ 2,078 ಚಿಕ್ಕ ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು, ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗ ವ್ಯಾಪಕವಾಗಿತ್ತು. ಆದರೆ ಉಳಿದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಊರಿನ ಎತ್ತರಕ್ಕೂ ಮಗುವಿನ ಬೆಳವಣಿಗೆಗೂ ಸಂಬಂಧ ಉಳಿಯಲಿಲ್ಲ. 2020ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್‌ನಲ್ಲಿ ಬಂದ, 59 ದೇಶಗಳ 9.6 ಲಕ್ಷಕ್ಕೂ ಹೆಚ್ಚು ಮಕ್ಕಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಇನ್ನೊಂದು ಅಧ್ಯಯನವು ಬೇರೆಯದನ್ನೇ ಹೇಳಿತು: ಪ್ರತಿ 1,000 ಮೀಟರಿಗೆ ವಯಸ್ಸಿಗೆ ತಕ್ಕ ನಿಲುವಿನ ಅಂಕ (ನಡುವಣ ಅಳತೆಯಿಂದ ಮಗು ಎಷ್ಟು ದೂರವಿದೆ ಎಂಬ ಲೆಕ್ಕ; ಎರಡು ಅಂಕಕ್ಕಿಂತ ಕೆಳಗಿಳಿದರೆ ಕುಂಠಿತ) ಸುಮಾರು 0.16ರಷ್ಟು ಇಳಿಯುತ್ತದೆ, ಮತ್ತು ಅನುಕೂಲವಂತ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಅಷ್ಟೇ ಅಲ್ಲ, ನಾವು ಬಳಸುವ 2006ರ ಮಾನದಂಡವನ್ನು ರೂಪಿಸಲು ದೆಹಲಿ, ಆಕ್ರಾ, ಓಸ್ಲೊ, ಮಸ್ಕತ್ ಮುಂತಾದ ಆರು ಕಡೆ ಮಕ್ಕಳನ್ನು ಅಳೆದಾಗ, 1,500 ಮೀಟರಿಗಿಂತ ಮೇಲಿನ ಊರುಗಳನ್ನು ಉದ್ದೇಶಪೂರ್ವಕವಾಗಿಯೇ ಕೈಬಿಡಲಾಗಿತ್ತು.

ಎರಡನೆಯ ಅಧ್ಯಯನವನ್ನೇ ಪೂರ್ತಿಯಾಗಿ ಒಪ್ಪಿಕೊಂಡು ಆ ಮಗುವಿಗೆ ನಾನು ಲೆಕ್ಕ ಹಾಕಿ ನೋಡಿದೆ. ಮೂರೂವರೆ ಸಾವಿರ ಮೀಟರಿಗೆ ಇಳಿಯುವ ಅಂಕ ಸುಮಾರು 0.57, ಎರಡು ವರ್ಷದ ಹೆಣ್ಣುಮಗುವಿನಲ್ಲಿ ಒಂದು ಅಂಕವೆಂದರೆ 3.2 ಸೆಂಟಿಮೀಟರ್, ಅಲ್ಲಿಗೆ ಬೆಟ್ಟ ಕಿತ್ತುಕೊಳ್ಳಬಹುದಾದ್ದು ಹೆಚ್ಚೆಂದರೆ ಎರಡು ಸೆಂಟಿಮೀಟರ್. ಆ ಮಗು ಹಿಂದೆ ಬಿದ್ದಿದ್ದದ್ದು ಎಂಟು ಸೆಂಟಿಮೀಟರ್. ಎರಡನ್ನು ಬೆಟ್ಟದ ಲೆಕ್ಕಕ್ಕೆ ಬರೆಯೋಣ. ಉಳಿದ ಆರಕ್ಕೆ ಯಾರನ್ನು ಕೇಳಬೇಕು?

ಇದನ್ನು ನಮ್ಮ ನಾಡಿನ ಅಂಕಿಯೊಂದಿಗೆ ಇಟ್ಟು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯ ಪ್ರಮಾಣ ಲಡಾಖ್‌ನಲ್ಲಿ ಶೇಕಡ 30.5 ಇದ್ದರೆ ಕರ್ನಾಟಕದಲ್ಲಿ 35.4 ಇತ್ತು. ಕರಾವಳಿಯೂ ಬಯಲುಸೀಮೆಯೂ ಇರುವ ನಮ್ಮ ರಾಜ್ಯದ ಮಕ್ಕಳು ಗಾಳಿಯ ಕೊರತೆಯಿಂದ ಗಿಡ್ಡವಾದರೆಂದು ಯಾರೂ ಹೇಳಲಾರರು.

ಆ ಮನೆಯ ಕಥೆಯೂ ಇದನ್ನೇ ಹೇಳುತ್ತಿತ್ತು. ಅವರು ಚಾಂಗ್‌ಪಾ ಪಶುಪಾಲಕರು. ಪಶ್ಮೀನಾ ಮೇಕೆಗಳನ್ನು ಸಾಕುವ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲಿನ ಖರ್ನಕ್ ಪ್ರದೇಶದಿಂದ ಮೇಕೆಗಳನ್ನು ಮಾರಿ ಬಂದು, ಅವರಂಥ ಅನೇಕ ಕುಟುಂಬಗಳು ನೆಲೆಸಿರುವ, ಲೇಹ್ ಸಮೀಪದ ಖರ್ನಕ್‌ಲಿಂಗ್‌ನಲ್ಲಿ ಮನೆ ಮಾಡಿದ್ದರು. ಅಂದರೆ ಅವರು ಇಳಿದು ಬಂದದ್ದು ಸಾವಿರ ಮೀಟರಿಗೂ ಹೆಚ್ಚು. ಮೊದಲ ಮೂರು ವರ್ಷ ಮೇಲೆಯೇ ಬೆಳೆದ ಅಣ್ಣನಿಗೆ ಈಗ ಐದು ತುಂಬಿತ್ತು, ನಿಲುವು 104 ಸೆಂಟಿಮೀಟರ್. ಕುಂಠಿತ ಎಂಬ ಗೆರೆಗಿಂತ ಮೇಲೆಯೇ ಇದ್ದ. ಕೆಳಗೆ ಹುಟ್ಟಿ, ಹೆಚ್ಚು ಆಮ್ಲಜನಕ ಉಸಿರಾಡಿದ ತಂಗಿ ಗೆರೆಯ ಕೆಳಗಿದ್ದಳು. ಒಂದು ಮನೆಯ ಎರಡು ಮಕ್ಕಳಿಂದ ಶಾಸ್ತ್ರ ಹುಟ್ಟುವುದಿಲ್ಲ ಎಂಬುದನ್ನು ಬಲ್ಲೆ. ಆದರೂ ಅಣ್ಣ ತಿಂದು ಬೆಳೆದದ್ದು ಮನೆಯ ಹಾಲು, ಮೊಸರು, ಬೆಣ್ಣೆ, ಛುರ್ಪೆ ಎಂಬ ಒಣಗಿಸಿದ ಚೀಸ್ ಮತ್ತು ಮಾಂಸದ ಸಾರನ್ನು. ತಂಗಿಯ ಬಟ್ಟಲಿಗೆ ಬಂದದ್ದು ರೇಷನ್ ಅಕ್ಕಿಯ ತೆಳ್ಳನೆಯ ಗಂಜಿ, ಸಕ್ಕರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಜಾನುವಾರು ಹೋದೊಡನೆ ಹಾಲು ಕೊಂಡು ತರುವ ವಸ್ತುವಾಯಿತು. ಕೊಂಡು ತರುವ ವಸ್ತು ಅಳತೆಗೆ ಬಂತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಅಂದು ಆ ಅಜ್ಜಿಗೆ ನಾನು ಕೊಟ್ಟ ಸಲಹೆ ಊರಿನಲ್ಲಿ ನೂರಾರು ತಾಯಂದಿರಿಗೆ ಕೊಟ್ಟದ್ದೇ ಆಗಿತ್ತು: ಅನ್ನದ ಜೊತೆ ತೊಗರಿಬೇಳೆ ಬೇಯಿಸಿ, ನುಣ್ಣಗೆ ಮಸೆದು, ತುಪ್ಪ ಹಾಕಿ ತಿನ್ನಿಸಿ. ಎರಡು ವಾರದ ನಂತರ ಮಗುವಿಗೆ ಹೊಟ್ಟೆ ಕೆಟ್ಟು ಬಂದರು. ಅಲ್ಲಿ ನೀರು ಕುದಿಯುವುದು ಸುಮಾರು 88 ಡಿಗ್ರಿಗೆ. ಕುಕ್ಕರ್ ಇಲ್ಲದ ಮನೆಯಲ್ಲಿ ಗಂಟೆಗಟ್ಟಲೆ ಕುದಿಸದೆ ಬೇಳೆ ಒಳಗೆ ಮೆತ್ತಗಾಗುವುದಿಲ್ಲ, ಅದಕ್ಕಾಗಿ ಉರಿಸುವಷ್ಟು ಗ್ಯಾಸೂ ಸಗಣಿಯ ಬೆರಣಿಯೂ ಬಡವರಲ್ಲಿ ಇರುವುದಿಲ್ಲ. ಇದನ್ನು ಕೇಳಿ ತಿಳಿದುಕೊಳ್ಳದೆ ನಾನು ಸಲಹೆ ಕೊಟ್ಟಿದ್ದೆ. ಅದಕ್ಕೆ ಆ ಮಗು ಒಂದು ವಾರ ನರಳಿತು. ಅಂದಿನಿಂದ ಏನು ತಿನ್ನಿಸಬೇಕೆಂದು ಹೇಳುವ ಮೊದಲು, ನಿಮ್ಮ ಒಲೆ ಯಾವುದು, ಪಾತ್ರೆ ಯಾವುದು ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಆ ನೆಲದ ಹಿರಿಯರು ಈ ಕಷ್ಟಕ್ಕೆ ಎಂದೋ ದಾರಿ ಕಂಡುಕೊಂಡಿದ್ದರು. ಬಾರ್ಲಿಯನ್ನು ಬಿಸಿ ಮರಳಿನಲ್ಲಿ ಹುರಿದು ಬೀಸಿದರೆ ಙಂಫೆ ಎಂಬ ಹಿಟ್ಟು ಸಿದ್ಧವಾಗುತ್ತದೆ. ಹುರಿಯುವಾಗಲೇ ಕಾಳು ಬೆಂದಿರುವುದರಿಂದ ಅದನ್ನು ಮತ್ತೆ ಕುದಿಸಬೇಕಾಗಿಲ್ಲ. ಬೆಣ್ಣೆ, ಉಪ್ಪು ಹಾಕಿ ಕಡೆದ ಗುರ್‌ಗುರ್ ಚಹಾದಲ್ಲೋ ಮಜ್ಜಿಗೆಯಲ್ಲೋ ಅದನ್ನು ಕಲಸಿದರೆ ಖೋಲಕ್. ಮೊದಲ ಬಾರಿ ಅದರ ಪರಿಮಳ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ನಮ್ಮಜ್ಜಿ ಬೆಲ್ಲ, ಕಾಯಿತುರಿ ಸೇರಿಸಿ ಕಲಸಿಕೊಡುತ್ತಿದ್ದ ರಾಗಿ ಹುರಿಹಿಟ್ಟು. ಸೌದೆ ಉಳಿಸುವ ಜಾಣ್ಮೆ ಅರಸೀಕೆರೆಯಲ್ಲೂ ಖರ್ನಕ್‌ನಲ್ಲೂ ಒಂದೇ ರೂಪ ತಾಳಿದೆ. ಖರ್ನಕ್‌ಲಿಂಗ್‌ನ ಮನೆಗಳಲ್ಲಿ ಙಂಫೆ ಇನ್ನೂ ಇತ್ತು, ಆದರೆ ಅದು ಮುದುಕರ ಆಹಾರವೆಂದೂ ಅಕ್ಕಿ, ಬಿಸ್ಕತ್ತು ಮಕ್ಕಳಿಗೆ ಒಳ್ಳೆಯದೆಂದೂ ಕಿರಿಯ ತಾಯಂದಿರು ನಂಬಿದ್ದರು. ಈ ನಂಬಿಕೆಯನ್ನು ಅವರು ತಾವಾಗಿಯೇ ಕಟ್ಟಿಕೊಂಡದ್ದಲ್ಲ. ರೇಷನ್ ಅಂಗಡಿಯಲ್ಲಿ ಏನು ಸಿಗುತ್ತದೋ ಅದೇ ಮೇಲಾದ ಆಹಾರವೆಂದು ಕಾಣುವುದು ಎಲ್ಲ ಕಡೆಯೂ ಇರುವ ಸಂಗತಿ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಒಂದರಿಂದ ಎರಡು ವರ್ಷದ ನಡುವೆ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 550 ಕಿಲೋಕ್ಯಾಲರಿ ಬೇರೆ ಆಹಾರದಿಂದ ಬರಬೇಕು. ಆದರೆ ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಕಾಲು ಲೀಟರಿಗಿಂತ ಕಡಿಮೆ. ತೆಳ್ಳನೆಯ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ಮಗು ಬೆಳೆಯುವುದಿಲ್ಲ. ಅದಕ್ಕೇ ನಾವು ಅಂಗನವಾಡಿಯಲ್ಲಿ ಚಮಚವನ್ನು ಓರೆ ಮಾಡಿ ತೋರಿಸುತ್ತಿದ್ದೆವು: ಜಾರಿ ಬೀಳಬಾರದು, ನಿಲ್ಲಬೇಕು. ಮಂದವಾದರೆ ಮಗು ನುಂಗಲಾರದು ಎಂದು ಕೆಲವು ತಾಯಂದಿರು ಹೇಳಿದಾಗ, ನಮ್ಮಲ್ಲಿ ರಾಗಿ ಸರಿಗೆ ಮಾಡುವಂತೆ ಒಂದು ಹಿಡಿ ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿ ನೋಡಿದೆವು. ಬಿಸಿಯಿರುವ ಮಂದ ಗಂಜಿಗೆ ಈ ಹಿಟ್ಟನ್ನು ಒಂದು ಚಮಚ ಕಲಸಿ, ಆಮೇಲೆ ಒಮ್ಮೆ ಕುದಿ ಬರಿಸಿದರೆ, ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ನೀರು ಸೇರಿಸದೆಯೇ ಸಡಿಲವಾಗುತ್ತದೆ. ಆ ಚಳಿಯಲ್ಲಿ ಕಾಳು ಮೊಳೆಯಲು ಆರು ದಿನ ಬೇಕಾಯಿತು, ರಾತ್ರಿ ಬುಖಾರಿಯ ಪಕ್ಕದಲ್ಲಿ ಕಂಬಳಿ ಹೊದಿಸಿ ಇಡಬೇಕಾಯಿತು; ಎಲ್ಲ ಮನೆಗಳಿಗೂ ಒಗ್ಗುವ ಉಪಾಯವಲ್ಲ ಅದು. ಬೆಣ್ಣೆಯೋ ಏಪ್ರಿಕಾಟ್ ಬೀಜದ ಎಣ್ಣೆಯೋ ಒಂದು ಚಮಚ ಹೆಚ್ಚು ಹಾಕುವುದು ಸುಲಭವಾಗಿತ್ತು, ಅದನ್ನೇ ಎಲ್ಲರೂ ಉಳಿಸಿಕೊಂಡರು.

ಇನ್ನು ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಲಡಾಖಿ ಮಕ್ಕಳಲ್ಲಿ ಶೇಕಡ 92.5 ಮಂದಿ ರಕ್ತಹೀನರು ಎಂದು ದಾಖಲಾಗಿದೆ; ಕರ್ನಾಟಕದಲ್ಲಿ ಅದು 65.5. ಈ ಅಂಕಿಯನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚು ಹಾಕುತ್ತವೆ, ಆದರೆ ಅದರ ಒಳಗಿರುವ ಲೆಕ್ಕವನ್ನು ಯಾರೂ ವಿವರಿಸುವುದಿಲ್ಲ. ಆಮ್ಲಜನಕ ಕಡಿಮೆಯಿರುವಲ್ಲಿ ದೇಹ ಹೆಚ್ಚು ಹಿಮೋಗ್ಲೋಬಿನ್ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಸಮುದ್ರಮಟ್ಟದಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ 11 ಗ್ರಾಂ ಸಾಕಾದರೆ ಬೆಟ್ಟದ ಮೇಲೆ ಅದಕ್ಕಿಂತ ಹೆಚ್ಚು ಇರಬೇಕೆಂದು ಗಡಿಯನ್ನು ಮೇಲಕ್ಕೆ ಎತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 3,500 ಮೀಟರಿಗೆ 2.7 ಗ್ರಾಂ ಕೂಡಿಸಬೇಕಿತ್ತು, ಅಂದರೆ ಗಡಿ 13.7. ಲೇಹ್ ಪಟ್ಟಣದ ಇಪ್ಪತ್ತು ತಿಂಗಳ ಒಬ್ಬ ಹುಡುಗನಿಗೆ 13.2 ಇತ್ತು. ಬೆಂಗಳೂರಿನಲ್ಲಾದರೆ ಅವನ ಬಗ್ಗೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ; ಲೇಹ್‌ನಲ್ಲಿ ಅವನ ಕಾರ್ಡಿನ ಮೇಲೆ ನಾನೇ ರಕ್ತಹೀನತೆ ಎಂದು ಬರೆದೆ. 2024ರಲ್ಲಿ ಸಂಸ್ಥೆ ಪಟ್ಟಿಯನ್ನು ಪರಿಷ್ಕರಿಸಿತು: ಎರಡು ವರ್ಷದೊಳಗಿನವರಿಗೆ ಮೂಲ ಗಡಿ 10.5 ಆಯಿತು, 3,500 ಮೀಟರಿಗೆ ಕೂಡಿಸಬೇಕಾದ್ದು 2.5 ಆಯಿತು. ಹೊಸ ಗಡಿ 13. ಅದೇ ಹುಡುಗ, ಅದೇ ರಕ್ತ, ಈಗ ಆರೋಗ್ಯವಂತ.

ಇದಕ್ಕಿಂತ ಆಳದ ತೊಡಕೂ ಒಂದಿದೆ. ಟಿಬೆಟ್ ಮೂಲದ ಜನರಲ್ಲಿ ಇಪಿಎಎಸ್1 ಎಂಬ ಜೀನ್‌ನ ವಿಶಿಷ್ಟ ರೂಪವಿದ್ದು, ಎತ್ತರದಲ್ಲಿಯೂ ಅವರ ಹಿಮೋಗ್ಲೋಬಿನ್ ಆಂಡಿಸ್‌ನವರದರಷ್ಟು ಏರುವುದಿಲ್ಲ ಎಂಬುದು 2010ರಿಂದೀಚೆಗೆ ಚೆನ್ನಾಗಿ ತಿಳಿದುಬಂದಿದೆ. ರಕ್ತ ಗಟ್ಟಿಯಾಗದೆ ಉಸಿರಾಡುವುದನ್ನು ಕಲಿತ ಜನರಿಗೆ, ಗಟ್ಟಿಯಾಗುವವರ ಲೆಕ್ಕದ ಗಡಿ ಹಾಕಿದರೆ, ರೋಗವಿಲ್ಲದ ಮಕ್ಕಳೂ ರೋಗಿಗಳ ಪಟ್ಟಿ ಸೇರುತ್ತಾರೆ. ಲಡಾಖ್‌ನಲ್ಲಿ ಹಲವು ಮೂಲಗಳ ಜನರು ಬೆರೆತಿರುವುದರಿಂದ ಒಂದೇ ಗಡಿ ಎಲ್ಲರಿಗೂ ಸರಿಯಾದೀತೆಂದು ನನಗೆ ಅನ್ನಿಸುವುದಿಲ್ಲ. ಹಾಗೆಂದು ಆ ಅಂಕಿಯನ್ನು ತಳ್ಳಿಹಾಕಿ ಕಬ್ಬಿಣಾಂಶದ ಸಿರಪ್ಪನ್ನು ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಚಹಾ ಕುಡಿಯುವ ಶಿಶುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಹಾದ ಒಗರು ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ಫೆರಿಟಿನ್ ಪರೀಕ್ಷೆಯಿಂದ ನೋಡಬೇಕು, ಸೋಂಕಿದ್ದರೆ ಆ ಅಂಕಿ ಸುಳ್ಳು ಏರಿಕೆ ತೋರಿಸುವುದರಿಂದ ಅದನ್ನೂ ಪರೀಕ್ಷಿಸಬೇಕು. ಅಲ್ಲಿಯವರೆಗೆ ರಾಷ್ಟ್ರೀಯ ಕಾರ್ಯಕ್ರಮದಂತೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಸಿರಪ್ ಕೊಡುತ್ತಿರಬೇಕು, ಚಹಾವನ್ನು ಮಗುವಿನ ಬಟ್ಟಲಿನಿಂದ ತೆಗೆಯಬೇಕು. ನಾವು ಅಜ್ಜಿಯಂದಿರಲ್ಲಿ ಕೇಳಿಕೊಂಡದ್ದು ಇಷ್ಟೇ: ಖೋಲಕ್ ಇರಲಿ, ಬೆಣ್ಣೆ ಇರಲಿ, ಕಲಸುವುದು ಮಾತ್ರ ಚಹಾದ ಬದಲು ಮೊಸರಿನಲ್ಲೋ ಸಾರಿನಲ್ಲೋ ಆಗಲಿ. ಬೇಲಿಯ ಮುಳ್ಳುಪೊದೆಯಲ್ಲಿ ಸಿಗುವ ಸೀಬಕ್‌ಥಾರ್ನ್ ಹಣ್ಣಿನ ಹುಳಿರಸದಲ್ಲಿ ವಿಟಮಿನ್ ಸಿ ಹೇರಳವಾಗಿದ್ದು, ಕಬ್ಬಿಣಾಂಶ ಮೈಗೂಡಲು ಅದು ನೆರವಾಗುತ್ತದೆ.

ತರಕಾರಿಯ ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿದೆ. ದಕ್ಷಿಣಕ್ಕೆ ಮುಖಮಾಡಿ, ಮೂರು ಕಡೆ ಮಣ್ಣಿನ ಗೋಡೆ ಕಟ್ಟಿ, ಒಂದು ಕಡೆ ಪಾಲಿಥೀನ್ ಹೊದಿಸಿದ ಹಸಿರುಮನೆಗಳಲ್ಲಿ ಜನವರಿಯಲ್ಲೂ ಪಾಲಕ್ ಬೆಳೆಯುವುದನ್ನು ಕಂಡಿದ್ದೇನೆ. ಆದರೆ ಹಸಿರುಮನೆಗೆ ಸ್ವಂತ ಜಮೀನು ಬೇಕು. ಜಾನುವಾರು ಮಾರಿ ಬಂದವರಿಗೆ ಅದು ಇರುವುದಿಲ್ಲ.

ತಾಯಿಯ ವಿಷಯ ಬರೆಯದೆ ಮಗುವಿನ ವಿಷಯ ಮುಗಿಯುವುದಿಲ್ಲ. ಆ ಡಿಸೆಂಬರ್‌ನಲ್ಲಿ ಮಗುವನ್ನು ಅಜ್ಜಿ ಕರೆತಂದದ್ದೇಕೆಂದರೆ, ನಾಲ್ಕು ತಿಂಗಳ ಬಸುರಿಯಾಗಿದ್ದ ತಾಯಿ ಕೂಲಿಗೆ ಹೋಗಿದ್ದಳು. ಆಮ್ಲಜನಕ ಕಡಿಮೆಯಿರುವ ಕಡೆ ಬಸುರಿಯ ದೇಹ ಮೊದಲೇ ಹೆಚ್ಚು ದುಡಿಯುತ್ತಿರುತ್ತದೆ. ಅದರ ಮೇಲೆ ಕಲ್ಲು, ನೀರು, ಹುಲ್ಲಿನ ಹೊರೆ ಬಿದ್ದರೆ ಹೊಟ್ಟೆಯೊಳಗಿನ ಮಗುವಿಗೆ ಉಳಿಯುವ ಪಾಲು ಇನ್ನಷ್ಟು ಕುಗ್ಗುತ್ತದೆ. ಊಟದಲ್ಲಿ ಒಂದು ತುತ್ತು ಹೆಚ್ಚು, ಹೊರೆಯಲ್ಲಿ ಒಂದು ಪಾಲು ಕಡಿಮೆ ಎಂದು ನಾನು ಮನೆಯವರನ್ನೆಲ್ಲ ಕೂರಿಸಿ ಹೇಳಿದೆ. ಮಾತು ಯಾರ ಮನಸ್ಸಿಗೆ ತಾಕಿತೋ ತಿಳಿಯದು; ಜನವರಿಯಿಂದ ನೀರು ತರುವ ಕೆಲಸವನ್ನು ಗಂಡ ವಹಿಸಿಕೊಂಡನೆಂದು ಅಜ್ಜಿಯೇ ತಿಳಿಸಿದರು.

ಬೆಟ್ಟದ ಮಕ್ಕಳು ಗಿಡ್ಡವಾಗಿಯೇ ಇರಬೇಕು ಎನ್ನುವವರಿಗೆ ನಾನು ಪೆರು ದೇಶವನ್ನು ತೋರಿಸುತ್ತೇನೆ. ಅಲ್ಲಿನ ಆಂಡಿಸ್ ಸೀಮೆಯ ಹುವಾಂಕಾವೆಲಿಕಾದಂಥ ಪಟ್ಟಣಗಳು ಲೇಹ್‌ಗಿಂತಲೂ ಎತ್ತರದಲ್ಲಿವೆ. 2008ರಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 28ರಷ್ಟಿದ್ದ ಕುಂಠಿತ ಬೆಳವಣಿಗೆ 2016ರ ಹೊತ್ತಿಗೆ 13ಕ್ಕೆ ಇಳಿಯಿತು. ಬಡ ತಾಯಂದಿರಿಗೆ ನೇರವಾಗಿ ಹಣ ಕೊಟ್ಟು, ಮಗುವನ್ನು ನಿಯಮಿತವಾಗಿ ಅಳೆಸಬೇಕೆಂದು ಷರತ್ತು ಹಾಕಿ, ಅಳತೆ ಎಂದರೇನೆಂದು ತಾಯಿಗೇ ಅರ್ಥವಾಗುವಂತೆ ವಿವರಿಸಿ, ಹಿಂದುಳಿದ ಜಿಲ್ಲೆಗಳ ಆರೋಗ್ಯ ಕೇಂದ್ರಗಳಿಗೆ ಹೆಚ್ಚು ಹಣ ಹರಿಸಿದ್ದರ ಫಲ ಅದು. ಎಂಟು ವರ್ಷಗಳಲ್ಲಿ ಆಂಡಿಸ್ ಒಂದು ಅಡಿಯೂ ಇಳಿಯಲಿಲ್ಲ. ಆದರೆ ಮೂರು ವರ್ಷದೊಳಗಿನ ಮಕ್ಕಳ ರಕ್ತಹೀನತೆ 2016ರಲ್ಲಿಯೂ ಶೇಕಡ 43ರ ಮೇಲೆಯೇ ನಿಂತಿತ್ತು ಎಂಬುದನ್ನೂ ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ.

2023ರ ಡಿಸೆಂಬರ್‌ನಲ್ಲಿ, ನಾನು ಊರಿಗೆ ಮರಳುವ ಮುನ್ನ, ಅದೇ ಅಂಗನವಾಡಿಯಲ್ಲಿ ಆ ಹುಡುಗಿಯನ್ನು ಮತ್ತೆ ಅಳೆದೆವು. ಮೂರು ವರ್ಷ ತುಂಬಿತ್ತು, ನಿಲ್ಲಿಸಿ ಅಳೆದಾಗ 87.2 ಸೆಂಟಿಮೀಟರ್. ಆ ವಯಸ್ಸಿನ ನಡುವಣ ನಿಲುವು 95.1. ವರ್ಷವಿಡೀ ಅವಳು ಇತರ ಮಕ್ಕಳಷ್ಟೇ ವೇಗವಾಗಿ ಬೆಳೆದಿದ್ದಳು, ಇನ್ನಷ್ಟು ಹಿಂದೆ ಬಿದ್ದಿರಲಿಲ್ಲ. ಆದರೆ ಮೊದಲ ಎರಡು ವರ್ಷಗಳಲ್ಲಿ ಕಳೆದುಹೋದ ಎಂಟು ಸೆಂಟಿಮೀಟರ್ ಹಾಗೆಯೇ ಉಳಿದಿತ್ತು. ಆ ಅಂಕಿಯನ್ನು ಬರೆಯುವಾಗ ನನ್ನ ಕೈ ತಡೆಯಿತು.

ಅಜ್ಜಿಯ ಮಡಿಲಲ್ಲಿ ಆಗ ಏಳು ತಿಂಗಳ ತಮ್ಮನಿದ್ದ. ಬುಖಾರಿಯ ಹತ್ತಿರ ಅವನ ಬಟ್ಟೆ ಬಿಚ್ಚಿ, ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯುವ ಕೆಲಸವನ್ನು ಅಜ್ಜಿ ತಾವೇ ಮಾಡಿದರು. 67.5 ಸೆಂಟಿಮೀಟರ್ ಬಂತು. ನಡುವಣ ಉದ್ದಕ್ಕಿಂತ ಎರಡು ಸೆಂಟಿಮೀಟರೂ ಕಡಿಮೆಯಲ್ಲ. ನರ್ಸ್ ಅಂಕಿಯನ್ನು ಓದಿ ಹೇಳಿದಾಗ ಅಬಿಲೆ, ಅಂದರೆ ಆ ಅಜ್ಜಿ, ಅದನ್ನು ಮತ್ತೊಮ್ಮೆ ಹೇಳಿಸಿಕೊಂಡರು, ಮಗುವಿಗೆ ಬಟ್ಟೆ ತೊಡಿಸಿದರು, ಮೊಸರಿನಲ್ಲಿ ಕಲಸಿ ತಂದಿದ್ದ ಖೋಲಕ್‌ನ ಡಬ್ಬಿಯನ್ನು ತೆರೆದು ಚಮಚ ಓರೆ ಮಾಡಿ ನನಗೆ ತೋರಿಸಿದರು. ಅದು ಜಾರಲಿಲ್ಲ.